ತೊನ್ನು ಅದೇ ಜಾಗಕ್ಕೆ ಮರಳುವುದೇಕೆ?

ಚಿಕಿತ್ಸೆಯಿಂದ ಬಣ್ಣ ಪಡೆದ ತೊನ್ನಿನ ಮಚ್ಚೆಗಳು, ಔಷಧ ನಿಲ್ಲಿಸಿದ ಒಂದು ವರ್ಷದೊಳಗೆ ಹಲವರಲ್ಲಿ ಅದೇ ಜಾಗದಲ್ಲಿ ಮತ್ತೆ ಬೆಳ್ಳಗಾಗುವುದುಂಟು. ಇದನ್ನು ನಾವು ಶಾಪವೆಂದೋ ಪೂರ್ವಜನ್ಮದ ಫಲವೆಂದೋ ಭಾವಿಸಬೇಕಾಗಿಲ್ಲ. ಕಾರಣವು ಚರ್ಮದೊಳಗೇ ಇದೆ.

ನಮ್ಮ ದೇಹವನ್ನು ರಕ್ಷಿಸುವ ಟಿ ಜೀವಕೋಶಗಳು ಒಮ್ಮೆ ಎದುರಿಸಿದ ವೈರಿಯನ್ನು ನೆನಪಿಟ್ಟುಕೊಳ್ಳುತ್ತವೆ. ತೊನ್ನಿನಲ್ಲಿ ಅವು ಚರ್ಮಕ್ಕೆ ಬಣ್ಣ ನೀಡುವ ಕೋಶಗಳನ್ನೇ ವೈರಿಗಳೆಂದು ತಪ್ಪಾಗಿ ಗ್ರಹಿಸಿ ನಾಶಪಡಿಸುತ್ತವೆ. ಆಗ ಅವು ಸ್ರವಿಸುವ ಇಂಟರ್‌ಫೆರಾನ್ ಗಾಮಾ ಎಂಬ ಪ್ರೋಟೀನಿನ ಪ್ರಚೋದನೆಯಿಂದ ಚರ್ಮದ ಕೋಶಗಳು ಕೀಮೋಕೈನ್‌ಗಳೆಂಬ ಸಂಕೇತಗಳನ್ನು ಹೊರಸೂಸುತ್ತವೆ. ಈ ಕರೆಯ ಜಾಡು ಹಿಡಿದು ರಕ್ತದಲ್ಲಿರುವ ಮತ್ತಷ್ಟು ಟಿ ಕೋಶಗಳು ಅಲ್ಲಿಗೆ ಬಂದು ಸೇರುತ್ತವೆ. ಅವುಗಳಲ್ಲಿ ಕೆಲವು ರಕ್ತಕ್ಕೆ ಮರಳದೆ, ಸ್ಮೃತಿಕೋಶಗಳಾಗಿ ಚರ್ಮದಲ್ಲಿಯೇ ನೆಲೆಸುತ್ತವೆ. ಇಂಟರ್‌ಲ್ಯೂಕಿನ್-15 ಎಂಬ ಇನ್ನೊಂದು ಸಂಕೇತವು ಅವುಗಳ ಉಳಿವಿಗೆ ನೆರವಾಗುತ್ತದೆ.

2022ರಲ್ಲಿ ಅಮೆರಿಕದಲ್ಲಿ ತೊನ್ನಿಗೆ ಮಾನ್ಯತೆ ಪಡೆದ ರಕ್ಸೊಲಿಟಿನಿಬ್ ಮುಲಾಮು ಇಂಟರ್‌ಫೆರಾನಿನ ಸಂಕೇತವನ್ನು ತಡೆಯುತ್ತದೆ. ಆದರೆ ನೆಲೆಸಿದ ಸ್ಮೃತಿಕೋಶಗಳನ್ನು ಪೂರ್ಣವಾಗಿ ಅಳಿಸುವುದಿಲ್ಲ. ಹಚ್ಚುವುದನ್ನು ಬಿಟ್ಟರೆ ಅವು ಮತ್ತೆ ಎಚ್ಚೆತ್ತುಕೊಳ್ಳಬಹುದು.

ಆದುದರಿಂದ ಬಣ್ಣ ಬಂದೊಡನೆ ಚಿಕಿತ್ಸೆಯನ್ನು ನಾವಾಗಿಯೇ ನಿಲ್ಲಿಸದೆ, ಚರ್ಮರೋಗ ತಜ್ಞರ ಸಲಹೆಯಂತೆ ನಡೆಯಬೇಕು. ಮಚ್ಚೆ ಮರಳಿದರೂ ಧೈರ್ಯಗೆಡಬೇಕಾಗಿಲ್ಲ. ಮತ್ತೆ ಚಿಕಿತ್ಸೆ ಪಡೆಯಬಹುದು. ತೊನ್ನು ಕುಷ್ಠವಲ್ಲ, ಸ್ಪರ್ಶದಿಂದ ಹರಡುವುದೂ ಇಲ್ಲ. ತೊನ್ನುಳ್ಳವರನ್ನು ಊಟದ ಪಂಕ್ತಿಯಿಂದ ದೂರವಿರಿಸುವುದಕ್ಕೆ ವೈದ್ಯಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲವೆಂಬುದನ್ನು ನಾವೆಲ್ಲರೂ ಅರಿತಿರಬೇಕು.