ಅಪ್ಪನಿಗೆ ಎಲ್ಲವೂ ಗೊತ್ತಿರಬೇಕೇ?

ತಂತ್ರಜ್ಞಾನದ ಹುಚ್ಚಿರುವ ಅಪ್ಪ ಮನೆಯಲ್ಲಿದ್ದರೆ ಮಕ್ಕಳು ತಾವಾಗಿಯೇ ಕಲಿತುಬಿಡುತ್ತಾರೆ ಎಂದು ನೆಂಟರಿಷ್ಟರು ನನಗೆ ಹೇಳುತ್ತಿರುತ್ತಾರೆ. ಸೋಲ್ಡರಿಂಗ್ ಐರನ್, ಹಳೆಯ ಲ್ಯಾಪ್‌ಟಾಪ್, ಡಬ್ಬಿಗಟ್ಟಲೆ ಬಿಡಿಭಾಗ, ಇವೆಲ್ಲ ನಮ್ಮ ಮನೆಯಲ್ಲಿ ಧಾರಾಳವಾಗಿವೆ. ಅವು ಎಷ್ಟೋ ದಿನ ಸುಮ್ಮನೆ ಬಿದ್ದಿರುತ್ತವೆ. ಮಗಳ ಪ್ರಶ್ನೆಯ ಪಕ್ಕ ಯಾರಾದರೂ ಕೂತಾಗಲಷ್ಟೇ ಅವುಗಳಿಗೆ ಬೆಲೆ. ಆ ಕೂರುವುದನ್ನೇ ತಪ್ಪಿಸುವ ಕೆಲವು ನಂಬಿಕೆಗಳು ನಮ್ಮಂಥ ಅಪ್ಪಂದಿರಲ್ಲಿ ಬಲವಾಗಿ ಬೇರೂರಿವೆ.

ನಂಬಿಕೆ: ಫೋನ್ ಸಲೀಸಾಗಿ ಬಳಸುವ ಮಗು ತಂತ್ರಜ್ಞಾನದಲ್ಲಿ ಜಾಣ

ಎರಡು ವರ್ಷದ ಕೂಸು ತಾನೇ ವಿಡಿಯೊ ಹಚ್ಚಿಕೊಂಡರೆ ಮನೆಮಂದಿಗೆಲ್ಲ ಹೆಮ್ಮೆ. ಆದರೆ ಆ ಪರದೆಯನ್ನು ಯಾರಾದರೂ ಕಲಿಯದೆಯೇ ಬಳಸುವಂತೆ ರೂಪಿಸಿದ್ದಾರೆ. ಜಾಣತನ ಅದನ್ನು ಮಾಡಿದವರದು. ಡಿಜಿಟಲ್ ಯುಗದಲ್ಲಿ ಹುಟ್ಟಿದವರಿಗೆ ತಂತ್ರಜ್ಞಾನ ಸಹಜವಾಗಿ ಒಲಿಯುತ್ತದೆ ಎಂಬ ವಾದವನ್ನು 2001ರಲ್ಲಿ ಮಾರ್ಕ್ ಪ್ರೆನ್ಸ್ಕಿ ಎಂಬ ಅಮೆರಿಕದ ಲೇಖಕ ಜನಪ್ರಿಯಗೊಳಿಸಿದರು. ಆದರೆ 2018ರಲ್ಲಿ ಹಲವು ದೇಶಗಳ ಎಂಟನೇ ತರಗತಿ ಮಕ್ಕಳ ಕಂಪ್ಯೂಟರ್ ಸಾಕ್ಷರತೆಯನ್ನು ಅಳೆದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಅತ್ಯುನ್ನತ ಮಟ್ಟ ಮುಟ್ಟಿದವರು ಶೇ. 2 ಮಾತ್ರ. ಅಂತರ್ಜಾಲದಲ್ಲಿ ಸಿಕ್ಕ ಮಾಹಿತಿಯನ್ನು ತೂಗಿ ನೋಡುವುದು ಬೆರಳಾಡಿಸಿದಷ್ಟು ಸುಲಭವಲ್ಲ. ಅದನ್ನು ಪಕ್ಕದಲ್ಲಿದ್ದು ಕಲಿಸಬೇಕು.

ನಂಬಿಕೆ: ಮಕ್ಕಳು ಕೇಳಿದ್ದಕ್ಕೆಲ್ಲ ಅಪ್ಪನ ಬಳಿ ಉತ್ತರವಿರಬೇಕು

ಇದರಷ್ಟು ನಷ್ಟ ಮಾಡುವ ನಂಬಿಕೆ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಗೊತ್ತಿಲ್ಲ ಎನ್ನಲು ಹಿಂಜರಿಯುವ ಅಪ್ಪ ಪ್ರಶ್ನೆಯನ್ನೇ ತಡೆಯುತ್ತಾನೆ: "ಆಮೇಲೆ ಹೇಳ್ತೀನಿ", "ದೊಡ್ಡವಳಾದ ಮೇಲೆ ಅರ್ಥ ಆಗತ್ತೆ".

ಬೇಸಿಗೆಯಲ್ಲಿ ನಮ್ಮ ಹಾಲ್‌ನ ಸೀಲಿಂಗ್ ಫ್ಯಾನ್ ಸ್ವಿಚ್ ಹಾಕಿದರೂ ತಿರುಗದೆ ಗುಂಯ್‌ಗುಡುತ್ತ ನಿಂತಿತು. ಒಣಗಿದ ಮರದ ಕೋಲಿನಿಂದ ರೆಕ್ಕೆಯನ್ನು ಮೆಲ್ಲಗೆ ತಳ್ಳಿದೆ, ತಿರುಗತೊಡಗಿತು. ಕೆಪಾಸಿಟರ್ ಹೋಗಿರಬೇಕು ಎಂದೆ. ಮಗಳ ತಲೆಯಲ್ಲಿದ್ದದ್ದು ಬೇರೆ. "ಅಪ್ಪಾ, ಆ ಕಡೆಗೆ ತಳ್ಳಿದ್ರೆ ಆ ಕಡೆಗೇ ತಿರುಗತ್ತಾ?" ನಾನು ಹಾಗೆ ಯಾವತ್ತೂ ತಳ್ಳಿ ನೋಡಿದವನಲ್ಲ. "ಗೊತ್ತಿಲ್ಲ ಪುಟ್ಟಿ, ನೋಡೋಣ" ಎಂದು ಉಲ್ಟಾ ತಳ್ಳಿದೆ. ಫ್ಯಾನ್ ಉಲ್ಟಾ ತಿರುಗಿತು. ಕೆಳಗೆ ಗಾಳಿ ಬರುತ್ತಿಲ್ಲ ಎಂದು ಮೊದಲು ಗಮನಿಸಿದ್ದೂ ಅವಳೇ. ಗಾಳಿಯೆಲ್ಲ ಮೇಲಕ್ಕೆ ಹೋಗುತ್ತಿತ್ತು. ಅಲ್ಲಿಂದ ಇಬ್ಬರೂ ಹುಡುಕುತ್ತ ಹೋದೆವು. ಮನೆಗೆ ಬರುವ ಸಿಂಗಲ್ ಫೇಸ್ ಕರೆಂಟ್ ಮೋಟಾರಿನೊಳಗೆ ಹುಟ್ಟಿಸುವ ಕಾಂತಕ್ಷೇತ್ರ ಹಿಂದೆ ಮುಂದೆ ತುಯ್ಯುತ್ತದೆಯೇ ಹೊರತು ತಿರುಗುವುದಿಲ್ಲ. ಕೆಪಾಸಿಟರ್ ಎರಡನೆಯ ಸುರುಳಿಯ ಕರೆಂಟಿನ ತಾಳವನ್ನು ತುಸು ಬದಲಿಸುತ್ತದೆ; ಎರಡೂ ಸೇರಿ ಕ್ಷೇತ್ರಕ್ಕೆ ತಿರುಗು ಕೊಡುತ್ತವೆ, ದಿಕ್ಕನ್ನೂ ನಿರ್ಧರಿಸುತ್ತವೆ. ಕೆಪಾಸಿಟರ್ ಸತ್ತರೆ ಮೋಟಾರಿಗೆ ಯಾವ ದಿಕ್ಕಾದರೂ ಒಂದೇ. ಮೇನ್ ಆಫ್ ಮಾಡಿ ಕೆಳಗಿಳಿಸಿದ ಆ ಪುಟ್ಟ ಡಬ್ಬಿಯ ಮೇಲೆ 2.5 ಮೈಕ್ರೊಫ್ಯಾರಡ್ ಎಂದು ಬರೆದಿತ್ತು. ನಾನೊಬ್ಬನೇ ಇದ್ದಿದ್ದರೆ ಹೊಸದು ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆ.

ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರ ತಂದೆ ಮೆಲ್ವಿಲ್ ವಿಜ್ಞಾನಿಯಲ್ಲ, ಸಮವಸ್ತ್ರಗಳ ವ್ಯಾಪಾರದಲ್ಲಿದ್ದವರು. ಆಟದ ಗಾಡಿಯನ್ನು ಮುಂದಕ್ಕೆ ಎಳೆದರೆ ಒಳಗಿನ ಚೆಂಡು ಹಿಂದಕ್ಕೆ ಉರುಳುವುದೇಕೆ ಎಂದು ಮಗ ಕೇಳಿದಾಗ, ಅದಕ್ಕೆ ಜಡತ್ವ ಎನ್ನುತ್ತಾರೆ, ಆದರೆ ಹಾಗೇಕೆ ಎಂದು ಯಾರಿಗೂ ಗೊತ್ತಿಲ್ಲ ಎಂದರಂತೆ. ಪಕ್ಕದಿಂದ ನೋಡು, ಚೆಂಡು ನೆಲಕ್ಕೆ ಹೋಲಿಸಿದರೆ ಹಿಂದೆ ಹೋಗುವುದಿಲ್ಲ ಎಂದೂ ತೋರಿಸಿದರು. ಮಗನಿಗೆ 1965ರಲ್ಲಿ ನೊಬೆಲ್ ಬಂತು. ಅದೇ ಮನೆಯ ಮಗಳು ಜೋನ್. ಹೆಣ್ಣುಮಕ್ಕಳ ಮಿದುಳಿಗೆ ವಿಜ್ಞಾನ ಹತ್ತುವುದಿಲ್ಲ ಎಂದು ತಾಯಿಯೇ ಅವಳಿಗೆ ಹೇಳಿದ್ದರು. ಒಂದು ರಾತ್ರಿ ಅಣ್ಣ ಅವಳನ್ನು ಎಬ್ಬಿಸಿ ಕರೆದೊಯ್ದು ಆಕಾಶದ ಧ್ರುವಪ್ರಭೆ ತೋರಿಸಿದ. ಮುಂದೆ ಧ್ರುವಪ್ರಭೆಯನ್ನೇ ಅಧ್ಯಯನ ಮಾಡಿ ಖಭೌತವಿಜ್ಞಾನಿಯಾದರು ಆಕೆ. ಸರ್ಕ್ಯೂಟು, ಮೋಟಾರು ಗಂಡುಮಕ್ಕಳಿಗೆ ಎನ್ನುವವರಿಗೆ ನಾನು ಜೋನ್ ಹೆಸರನ್ನು ಹೇಳುತ್ತೇನೆ.

ನಂಬಿಕೆ: ಬಹುಮಾನದ ಆಸೆ ತೋರಿಸಿದರೆ ಕಲಿಕೆಯ ಆಸೆ ಹುಟ್ಟುತ್ತದೆ

1973ರಲ್ಲಿ ಪ್ರಕಟವಾದ ಲೆಪರ್, ಗ್ರೀನ್, ನಿಸ್ಬೆಟ್ ಅವರ ಪ್ರಯೋಗ ನಡೆದದ್ದು ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳ ಮೇಲೆ. ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಕೆಲವರಿಗೆ ಮುಂಚೆಯೇ ಹೇಳಿದರು. ಕೆಲ ದಿನಗಳ ನಂತರ ಬಿಡುವಿನ ವೇಳೆಯಲ್ಲಿ ಗಮನಿಸಿದಾಗ, ಆ ಮಕ್ಕಳು ಬಣ್ಣದ ಪೆನ್ನು ಹಿಡಿಯುವುದನ್ನೇ ಕಡಿಮೆ ಮಾಡಿದ್ದರು. ಹೇಳದೆ ಕೊಟ್ಟ ಬಹುಮಾನದಿಂದ ಹೀಗಾಗಲಿಲ್ಲ. ಇಷ್ಟವಿಲ್ಲದ ಕೆಲಸಕ್ಕೆ ಆಸೆ ತೋರಿಸುವುದು ಬೇರೆ ಮಾತು. ಮಗು ತಾನಾಗಿ ಪ್ರೀತಿಸುವುದಕ್ಕೆ ಕೂಲಿ ನಿಗದಿ ಮಾಡಬಾರದು.

ನಂಬಿಕೆ: ಆರು ವರ್ಷಕ್ಕೇ ಕೋಡಿಂಗ್ ಶುರುಮಾಡದಿದ್ದರೆ ಮಗು ಹಿಂದುಳಿಯುತ್ತದೆ

2020ರ ಲಾಕ್‌ಡೌನ್ ದಿನಗಳಲ್ಲಿ ಈ ಭಯವನ್ನು ಜಾಹೀರಾತುಗಳು ಮನೆಮನೆಗೆ ಮುಟ್ಟಿಸಿದವು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಕೋಡಿಂಗ್ ಚಟುವಟಿಕೆಗಳನ್ನು ಇಟ್ಟಿರುವುದು 6ರಿಂದ 8ನೇ ತರಗತಿಯ ಹಂತದಲ್ಲಿ. ಚಿಕ್ಕವರು ಕೋಡಿಂಗ್ ಮುಟ್ಟಲೇಬಾರದು ಎಂದಲ್ಲ. 1967ರಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಜೊತೆಗಾರರು ಮಕ್ಕಳಿಗೆಂದೇ ಲೋಗೊ ಭಾಷೆಯನ್ನು ರೂಪಿಸಿದ್ದರು. ಅದರ ಆಮೆಗೆ ಇಷ್ಟು ನಡೆ, ಇಷ್ಟು ತಿರುಗು ಎಂದರೆ ಗೆರೆ ಎಳೆಯುತ್ತದೆ. ಈಗ ಪೈಥಾನ್‌ನಲ್ಲೂ ಆ ಆಮೆಯಿದೆ. ಸಮಬಾಹು ತ್ರಿಕೋನದ ಕೋನ 60 ಡಿಗ್ರಿ ಎಂದು ಶಾಲೆಯಲ್ಲಿ ಕಲಿತಿದ್ದ ನನ್ನ ಮಗಳು 60 ತಿರುಗಿಸಿದಳು. ತ್ರಿಕೋನ ಬಾಯಿ ಮುಚ್ಚಲಿಲ್ಲ, ಅರ್ಧ ಷಟ್ಕೋನವಾಯಿತು. ನಾನು ಕೀಬೋರ್ಡ್ ಕಿತ್ತುಕೊಳ್ಳದೆ, "ನೀನೇ ಆಮೆ ಆಗು" ಎಂದೆ. ನೆಲದ ಮೇಲೆ ಎಳೆದ ತ್ರಿಕೋನದ ಗೆರೆಯ ಮೇಲೆ ನಡೆದು ಮೂಲೆಯಲ್ಲಿ ತಿರುಗಿದಾಗ, ತಾನು ಕಾಲು ಸುತ್ತಿಗಿಂತಲೂ ಹೆಚ್ಚು ತಿರುಗುತ್ತಿದ್ದೇನೆ ಎಂದು ಅವಳಿಗೆ ಹೊಳೆಯಿತು. 120! ಒಂದು ಸುತ್ತು ಮುಗಿಸಿ ಬಂದರೆ ಒಟ್ಟು 360 ಎಂಬುದೂ ಜೊತೆಗೇ ಸಿಕ್ಕಿತು. ಇದಕ್ಕೆ ಬೇಕಾದದ್ದು ವಯಸ್ಸಿನ ಆತುರವಲ್ಲ, ಒಂದು ಸಂಜೆಯ ಪುರುಸೊತ್ತು.

ದುಬಾರಿ ಕಿಟ್ ಇಲ್ಲದೆ ಕಲಿಕೆಯಾಗದು ಎಂಬ ಮಾತೂ ಅಷ್ಟೇ. ಬೆಂಗಳೂರಿನ ಎಸ್‌.ಪಿ. ರೋಡಿನ ಅಂಗಡಿಗಳಲ್ಲಿ ಬಿಡಿ ಮೋಟಾರು, ಎಲ್‌ಇಡಿ, ಬ್ಯಾಟರಿ ಹೋಲ್ಡರ್ ಕಡಿಮೆ ಬೆಲೆಗೇ ಸಿಗುತ್ತವೆ. ಬಿಚ್ಚಿ ನೋಡಲು ಕೆಟ್ಟ ರಿಮೋಟ್ ಮನೆಯಲ್ಲೇ ಇರುತ್ತದೆ.

ನಂಬಿಕೆ: ಅಪ್ಪನ ಹುಚ್ಚು ಮಕ್ಕಳಿಗೂ ಹತ್ತಬೇಕು

ಪ್ಯಾಪರ್ಟ್ 1980ರ ತಮ್ಮ 'ಮೈಂಡ್‌ಸ್ಟಾರ್ಮ್ಸ್' ಪುಸ್ತಕದ ಆರಂಭದಲ್ಲಿ ಬಾಲ್ಯದ ಗೇರ್‌ಗಳ ಬಗ್ಗೆ ಬರೆದಿದ್ದಾರೆ. ಹಲ್ಲುಚಕ್ರಗಳು ಒಂದನ್ನೊಂದು ತಿರುಗಿಸುವುದನ್ನು ತಲೆಯಲ್ಲೇ ಓಡಿಸಿ ನೋಡುತ್ತ ಅವರಿಗೆ ಗಣಿತ ಒಲಿಯಿತು. ಆದರೂ ಎಲ್ಲ ಮಕ್ಕಳಿಗೂ ಗೇರ್ ಹಂಚಿ ಎಂದು ಅವರು ಹೇಳಲಿಲ್ಲ. ಗೇರ್‌ಗಳನ್ನು ತಾವು ಪ್ರೀತಿಸಿದ್ದೇ ಮುಖ್ಯ, ಆ ಪ್ರೀತಿ ಇನ್ನೊಬ್ಬರಿಗೆ ಇನ್ನೊಂದರ ಮೇಲೆ ಹುಟ್ಟಬಹುದು ಎಂದರು.

ನನ್ನ ಪ್ರೀತಿ ಮೋಟಾರುಗಳದು. ಮಗಳದು ಈಗ ಇರುವೆಗಳದು. ಮಲೆನಾಡಿನ ಅಜ್ಜಿಮನೆಯ ಮಾವಿನ ಮರದಲ್ಲಿ ಚಿಗಳಿ ಇರುವೆಗಳು ಎಲೆಗಳನ್ನು ಹೊಲಿದು ಗೂಡು ಕಟ್ಟುವುದನ್ನು ಅವಳು ಊಟ ಮರೆತು ನೋಡುತ್ತಾಳೆ. ಕೆಲಸಗಾರ ಇರುವೆಗಳು ತಮ್ಮ ಮರಿಹುಳುಗಳನ್ನು ದವಡೆಯಲ್ಲಿ ಹಿಡಿದು ಆ ಅಂಚಿನಿಂದ ಈ ಅಂಚಿಗೆ ಆಡಿಸುತ್ತವೆ; ಮರಿಹುಳು ಬಿಡುವ ರೇಷ್ಮೆಯೇ ಹೊಲಿಗೆಯ ನೂಲು. ನನಗೆ ಇದು ತಿಳಿದದ್ದು ಅವಳಿಂದ. "ಹಾಗಾದ್ರೆ ಮರಿಗೆ ತನ್ನ ರೇಷ್ಮೆಗೂಡಿಗೆ ನೂಲು ಉಳಿಯತ್ತಾ ಅಪ್ಪಾ?" ಎಂದಳು. ಇಬ್ಬರೂ ಕೂತು ಹುಡುಕಿದೆವು. ಉಳಿಯುವುದಿಲ್ಲ. ಬೇರೆ ಎಷ್ಟೋ ಜಾತಿಯ ಇರುವೆಗಳ ಮರಿಗಳು ರೇಷ್ಮೆಗೂಡು ಸುತ್ತಿಕೊಂಡು ಕೋಶಾವಸ್ಥೆಗೆ ಹೋದರೆ, ಚಿಗಳಿಯ ಮರಿ ತನ್ನ ರೇಷ್ಮೆಯನ್ನೆಲ್ಲ ಮನೆಗೆ ಕೊಟ್ಟು ರೇಷ್ಮೆಗೂಡಿಲ್ಲದೆಯೇ ಬೆಳೆಯುತ್ತದೆ. ಎಲೆಗಳನ್ನು ಎಳೆದು ಹಿಡಿಯುವ ಇರುವೆಗೂ ಮರಿ ಹಿಡಿದು ಹೊಲಿಯುವ ಇರುವೆಗೂ ಕೆಲಸ ಹಂಚುವವರು ಯಾರು ಎಂಬುದು ಅವಳ ಮುಂದಿನ ಪ್ರಶ್ನೆ, ದಸರಾ ರಜೆಗೆ ಊರಿಗೆ ಹೋದಾಗ ನೋಡುವುದಕ್ಕೆಂದು ಬರೆದಿಟ್ಟುಕೊಂಡಿದ್ದೇವೆ.