ಫರಸಿ ಹಾಸುವ ಸೀಮೆ

ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಬಾದಾಮಿ ಸೀಮೆಯ ಕೆಂಪು ಗುಡ್ಡಗಳ ನಡುವೆ ಹಾದು, ಪಟ್ಟದಕಲ್ಲು, ಐಹೊಳೆಗಳನ್ನು ಬಳಸಿಕೊಂಡು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ಹಾದಿಯ ಆಚೀಚೆ ಮೂರು ಬಗೆಯ ಕಲ್ಲಿದೆ. ಬಾದಾಮಿ, ಗುಳೇದಗುಡ್ಡದ ಕಡೆ ಮರಳುಗಲ್ಲು. ಬಾಗಲಕೋಟೆ, ಕಲಾದಗಿ, ಲೋಕಾಪುರದ ಕಡೆ ಸುಣ್ಣದ ಕಲ್ಲು. ಹುನಗುಂದ ದಾಟಿ ಇಳಕಲ್ಲಿಗೆ ಬಂದರೆ ಗುಲಾಬಿ ಮತ್ತು ಕೆಂಪು ಗ್ರಾನೈಟ್. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಈ ಸೀಮೆಯ ವರದಿ ಪ್ರಕಟಿಸಿದಾಗ ಇಲ್ಲಿನ ಪದರುಗಲ್ಲುಗಳಿಗೆ ಕಲಾದಗಿಯ ಹೆಸರನ್ನೇ ಇಟ್ಟರು. ಆ ಹೆಸರು ಇಂದಿಗೂ ನಡೆಯುತ್ತಿದೆ. ಗ್ರಾನೈಟ್ ಇವಕ್ಕಿಂತ ಬಹಳ ಹಿರಿಯದು, ಸುಮಾರು 250 ಕೋಟಿ ವರ್ಷಗಳದ್ದು.

ಇಂಥ ಸೀಮೆಯಲ್ಲಿ ಮನೆಯ ನೆಲದ ಕೆಲಸ ಒಂದು ವಿದ್ಯೆಯಾಗಿ ಬೆಳೆದದ್ದು ಸಹಜ. ನೆಲಕ್ಕೆ ಹಾಸುವ ಚಪ್ಪಟೆ ಕಲ್ಲಿಗೆ ಇಲ್ಲಿ ಫರಸಿ ಎನ್ನುತ್ತಾರೆ, ಹಾಸುವವರಿಗೆ ಗೌಂಡಿ. ಈಗ ಮನೆ ಕಟ್ಟಿಸುವವರು ಮೊದಲು ಹೋಗುವುದು ಅಂಗಡಿಗೆ, ಕೇಳುವುದು ‘ಯಾವ ಟೈಲ್ಸ್ ಹಾಕಿಸೋಣ’ ಎಂದು. ಬಣ್ಣ, ಹೊಳಪು, ಚದರ ಅಡಿಯ ದರ ನೋಡಿ ಮನೆಗೆ ಬರುತ್ತಾರೆ. ಕೆಳಗೆ ಏನು ತುಂಬಿಸುತ್ತೇವೆ, ನೀರು ಎತ್ತ ಹರಿಯಬೇಕು, ಹಾಸುವ ಕೈ ಯಾರದು ಎಂಬುದನ್ನು ವಿಚಾರಿಸುವವರು ಕಡಿಮೆ. ನೆಲ ಮೂವತ್ತು ವರ್ಷ ಬಾಳುತ್ತದೋ ಮೂರೇ ವರ್ಷಕ್ಕೆ ಮಿಸುಕಾಡುತ್ತದೋ ಎಂಬುದನ್ನು ನಿರ್ಧರಿಸುವುದು ಈ ಪ್ರಶ್ನೆಗಳೇ.

ಮೊದಲು ಬಾದಾಮಿಯ ಕಲ್ಲು. ಮಂಗಳೇಶನ ಶಾಸನವಿರುವ ಮೂರನೆಯ ಗುಹೆಯನ್ನು 578ರಲ್ಲಿ ಕೊರೆದದ್ದು ಇದೇ ಮರಳುಗಲ್ಲಿನಲ್ಲಿ. ಪದರು ಪದರಾಗಿ ಕೂತ ಕಲ್ಲಾದ್ದರಿಂದ ಸಾಲಾಗಿ ಚಾಣ ಇಟ್ಟು ಒಂದೇ ಹದದಲ್ಲಿ ಹೊಡೆದರೆ ಹಲಗೆಯಂತೆ ಬಿಡಿಸಿಕೊಳ್ಳುತ್ತದೆ. ಬಾದಾಮಿ, ಗುಳೇದಗುಡ್ಡದ ಹಳೆಯ ಓಣಿಗಳಲ್ಲಿ ಗೋಡೆ, ಮೆಟ್ಟಿಲು, ಮನೆ ಮುಂದಿನ ಕಟ್ಟೆ ಎಲ್ಲಕ್ಕೂ ಅದೇ ಕಲ್ಲು. ಅದರ ಮೈ ಒರಟು, ನೀರು ಬಿದ್ದರೂ ಕಾಲು ಜಾರುವುದಿಲ್ಲ. ಅಂಗಳಕ್ಕೆ, ಬಾಗಿಲ ಮುಂದಿನ ಪಾವಟಿಗೆಗೆ ಇದಕ್ಕಿಂತ ಒಳ್ಳೆಯ ಕಲ್ಲನ್ನು ನಾನು ಕಂಡಿಲ್ಲ. ಆದರೆ ಇದು ನೀರನ್ನೂ ಎಣ್ಣೆಯನ್ನೂ ಕುಡಿಯುವ ಕಲ್ಲು, ಅಡುಗೆಮನೆಗೆ ಬೇಡ. ನೆಲದ ತೇವ ಏರುವ ಕಡೆ ಉಪ್ಪು ಹೂವಾಗಿ ಅರಳಿ ಮೇಲಿನ ಪದರನ್ನು ಸಿಪ್ಪೆಯಾಗಿ ಎಬ್ಬಿಸುತ್ತದೆ. ಅಂಥ ಕಡೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಕೇಡು ಹೆಚ್ಚಾಗುತ್ತದೆ. ಸುಣ್ಣದ ಗಾರೆ ಉಸಿರಾಡುತ್ತದೆ, ಅದೇ ವಾಸಿ.

ನೆಲದ ಕೆಲಸ ಮಾಡುವವರು, ಮಾಡಿಸುವವರು ಐಹೊಳೆಯ ಲಾಡಖಾನ್ ಗುಡಿಯ ಮಾಡನ್ನು ಒಮ್ಮೆ ನಿಂತು ನೋಡಬೇಕು. ಇಳಿಜಾರಾಗಿ ಹೊದಿಸಿದ ದೊಡ್ಡ ದೊಡ್ಡ ಕಲ್ಲು ಚಪ್ಪಡಿಗಳು. ಎರಡು ಚಪ್ಪಡಿ ಕೂಡುವ ಸಂದಿಯ ಮೇಲೆ ಉದ್ದಕ್ಕೂ ಒಂದು ಸಣ್ಣ ಕಲ್ಲಿನ ಪಟ್ಟಿ. ಮಳೆ ಪಟ್ಟಿಯ ಮೇಲೆ ಬೀಳುತ್ತದೆ, ಎರಡೂ ಬದಿಗೆ ಸರಿದು ಚಪ್ಪಡಿಯ ಮೇಲೆ ಜಾರಿ ಕೆಳಗಿಳಿಯುತ್ತದೆ, ಸಂದಿಗೆ ದಾರಿ ಸಿಗುವುದೇ ಇಲ್ಲ. ಮರದ ಮಾಡಿನ ಕ್ರಮವನ್ನು ಕಲ್ಲಿಗೆ ತಂದದ್ದು ಎಂದು ಬಲ್ಲವರು ಹೇಳುತ್ತಾರೆ. ಚಾಲುಕ್ಯರ ಕಲ್ಲುಕುಟಿಗರು ಸಂದಿಯನ್ನು ಗಾರೆಯ ಕೈಗೆ ಬಿಡಲಿಲ್ಲ. ನೀರು ಹುಡುಕುವುದೇ ಸಂದಿಯನ್ನು ಎಂದು ತಿಳಿದು ಮೊದಲು ಇಳಿಜಾರು ಕೊಟ್ಟರು, ಆಮೇಲೆ ಸಂದಿ ಮುಚ್ಚಿದರು. ಇಂದಿನ ಬಚ್ಚಲಮನೆ ಸೋರುವುದು ಈ ಎರಡರಲ್ಲಿ ಒಂದು ತಪ್ಪಿದಾಗಲೇ.

ಬಾಗಲಕೋಟೆ ಸುತ್ತಿನ ಸುಣ್ಣದ ಕಲ್ಲು ಹೆಚ್ಚಾಗಿ ಭಟ್ಟಿಗೆ ಹೋಯಿತು, ಆಮೇಲೆ ಸಿಮೆಂಟ್ ಕಾರ್ಖಾನೆಗಳಿಗೆ. ಒಳಮನೆಯ ನೆಲಕ್ಕೆ ಬಂದದ್ದು ಭೀಮಾ ಕೊಳ್ಳದ ಸುಣ್ಣದ ಕಲ್ಲು, ಶಹಾಬಾದಿನ ಹೆಸರಿನಲ್ಲಿ ಮುಂಬೈ, ಪುಣೆವರೆಗೂ ಹೋದ ಬೂದು ಫರಸಿ. ಪಡಸಾಲೆಯಲ್ಲಿ ಮೂರು ತಲೆಮಾರು ಓಡಾಡಿದ ಶಹಾಬಾದಿ ಫರಸಿಗೆ ಬರುವ ಹೊಳಪನ್ನು ಯಾವ ಯಂತ್ರವೂ ತರಲಾರದು. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಬರಿಮೈಯಲ್ಲಿ ಒರಗಿದವರಿಗೆ ಅದರ ತಂಪಿನ ಬಗ್ಗೆ ಬೇರೆ ಹೇಳಬೇಕಿಲ್ಲ. ಹಳೆಯ ಅಡುಗೆಮನೆಯಲ್ಲಿ ನೆಲದ ಮಟ್ಟಕ್ಕೆ ಹೂತ ಒಳಕಲ್ಲಿನ ಸುತ್ತ ನೋಡಿ: ನಾಲ್ಕು ಫರಸಿ ಕೂಡುವ ಕಡೆ ಒಂದೊಂದರ ಮೂಲೆಯನ್ನೂ ಕಾಲುವೃತ್ತವಾಗಿ ಕೊರೆದು, ನಾಲ್ಕೂ ಸೇರಿ ಒಳಕಲ್ಲಿನ ಕೊರಳನ್ನು ಅಪ್ಪುವಂತೆ ಕೂರಿಸಿರುತ್ತಾರೆ. ಕಟರ್ ಯಂತ್ರ ಇಲ್ಲದ ಕಾಲದಲ್ಲಿ ಬರೀ ಚಾಣ, ಸುತ್ತಿಗೆಯಲ್ಲಿ ಮಾಡಿದ ಕೆಲಸ. ಒಂದು ಏಟು ಹೆಚ್ಚಾದರೆ ಇಡೀ ಫರಸಿ ಹೋಯಿತು.

ಇಳಕಲ್ಲಿನ ಗ್ರಾನೈಟ್ ಹೊರದೇಶದವರಿಗೂ ಗೊತ್ತು. ಕಣಿಯಲ್ಲಿ ವಜ್ರದ ಮಣಿ ಪೋಣಿಸಿದ ಉಕ್ಕಿನ ತಂತಿ ನೀರಿನ ಧಾರೆಯ ನಡುವೆ ಬಂಡೆಯನ್ನು ಕೊಯ್ಯುತ್ತದೆ. ಬಿರುಕಿಲ್ಲದ ದಿಮ್ಮಿ ಮಾತ್ರ ಹೊರದೇಶಕ್ಕೆ, ಉಳಿದದ್ದು ಕಣಿಯ ಬದಿಯಲ್ಲಿ ಗುಡ್ಡೆ. ಹದಿನೆಂಟು ಮಿಲಿಮೀಟರ್ ದಪ್ಪದ ಹಲಗೆ ಚದರ ಅಡಿಗೆ ನಾಲ್ಕೂವರೆ ಕಿಲೋ ತೂಗುತ್ತದೆ. ಮಹಡಿ ಮನೆಯವರು ಈ ಭಾರವನ್ನು ಎಂಜಿನಿಯರಿಗೆ ಮೊದಲೇ ತಿಳಿಸುವುದು ಒಳ್ಳೆಯದು. ಹುಣಸೆಹುಳಿ, ನಿಂಬೆಹಣ್ಣು, ಬಿಸಿ ಪಾತ್ರೆ ಯಾವುದಕ್ಕೂ ಜಗ್ಗದ ಕಲ್ಲಾದ್ದರಿಂದ ಅಡುಗೆ ಕಟ್ಟೆಗೆ, ಓಡಾಟ ಹೆಚ್ಚಿರುವ ಮೆಟ್ಟಿಲಿಗೆ ಇದೇ ಸರಿ. ಆದರೆ ಕನ್ನಡಿಯಂತೆ ಪಾಲಿಶ್ ಮಾಡಿದ ಗ್ರಾನೈಟನ್ನು ಬಯಲಿಗೆ ಹಾಕಬಾರದು. ಮಳೆಯಲ್ಲಿ ಜಾರುತ್ತದೆ, ಬಿಸಿಲಲ್ಲಿ ಕಣ್ಣು ಕುಕ್ಕುತ್ತದೆ. ಬಸವಣ್ಣನವರ ಐಕ್ಯ ಮಂಟಪಕ್ಕೆ ಮೆಟ್ಟಿಲಿಳಿದು ಹೋಗುವ ಮುದುಕರನ್ನು, ಮಕ್ಕಳನ್ನು ನೆನೆದುಕೊಳ್ಳಿ. ಬಸವಸಾಗರದ ಹಿನ್ನೀರಿನಲ್ಲಿ ಮುಳುಗದಂತೆ ಸುತ್ತ ಎತ್ತರದ ಗೋಡೆ ಕಟ್ಟಿ ಉಳಿಸಿಕೊಂಡ ಜಾಗ ಅದು, ಇಳಿಯುವವರೆಲ್ಲ ಬರಿಗಾಲಿನವರು. ಹೊರಗಿನ ನೆಲಕ್ಕೆ ಕಲ್ಲು ಆರಿಸುವಾಗ ಒದ್ದೆಯಾದ ಬರಿಗಾಲನ್ನೇ ಅಳತೆಗೋಲು ಮಾಡಿಕೊಳ್ಳಬೇಕು. ಬೆಂಕಿ ಕೊಟ್ಟು ಮೈ ಒರಟಾಗಿಸಿದ ಗ್ರಾನೈಟ್ ಸಿಗುತ್ತದೆ, ಟಾಕಿ ಹೊಡೆಸಿದ್ದೂ ಸಿಗುತ್ತದೆ.

ಕಲ್ಲು ಕೊಯ್ಯುವವರ ಮಾತನ್ನೂ ಆಡಲೇಬೇಕು. ಮರಳುಗಲ್ಲಿನಲ್ಲೂ ಗ್ರಾನೈಟಿನಲ್ಲೂ ಸಿಲಿಕಾ ಹೇರಳ. ಒಣಗಲ್ಲಿಗೆ ಕಟರ್ ಹಚ್ಚಿದಾಗ ಏಳುವ ಬಿಳಿ ಧೂಳು ಪುಪ್ಪುಸದಲ್ಲಿ ಕೂತರೆ ಹೊರಬರುವುದಿಲ್ಲ, ಸಿಲಿಕೋಸಿಸ್‌ಗೆ ಗುಣಪಡಿಸುವ ಮದ್ದಿಲ್ಲ. ನಮ್ಮ ಮನೆಯ ಅಂಗಳದಲ್ಲೇ ಗೌಂಡಿಯ ಹುಡುಗ ಬಾಯಿಗೆ ಟವೆಲ್ ಸುತ್ತಿಕೊಂಡು ಕಲ್ಲು ಕೊಯ್ಯುತ್ತಿರುತ್ತಾನೆ. ಟವೆಲ್ ಆ ಧೂಳನ್ನು ತಡೆಯುವುದಿಲ್ಲ. ಕೊಯ್ಯುವ ಗೆರೆಗೆ ಸಣ್ಣಗೆ ನೀರು ಬಿಡಲು ಒಂದು ಪೈಪು, ಒಂದು ಒಳ್ಳೆಯ ಮಾಸ್ಕ್, ಇಷ್ಟನ್ನು ಮನೆಯ ಯಜಮಾನರೇ ಒದಗಿಸಬಹುದು. ಲಕ್ಷಗಟ್ಟಲೆ ಖರ್ಚಿನ ಮನೆಯಲ್ಲಿ ಇದು ಲೆಕ್ಕಕ್ಕೂ ಬರದ ಹಣ.

ಗುಜರಾತಿನ ಮೋರ್ಬಿಯಿಂದ ಬರುವ ಟೈಲ್ಸ್ ಬಗ್ಗೆ ನನಗೆ ತಕರಾರಿಲ್ಲ. ಬಚ್ಚಲ ಗೋಡೆಗೆ, ಅಡುಗೆ ಕಟ್ಟೆಯ ಹಿಂದಿನ ಗೋಡೆಗೆ ಅವು ಹೇಳಿ ಮಾಡಿಸಿದಂಥವು. ವಿಟ್ರಿಫೈಡ್ ಟೈಲ್ ತನ್ನ ತೂಕದ ನೂರಕ್ಕೆ ಅರ್ಧ ಪಾಲು ನೀರನ್ನೂ ಹೀರುವುದಿಲ್ಲ, ಗೋಡೆಯ ಸೆರಾಮಿಕ್ ಟೈಲ್ ನೂರಕ್ಕೆ ಹತ್ತು ಪಾಲಿಗೂ ಮೇಲೆ ಹೀರುತ್ತದೆ. ಗೋಡೆಯದನ್ನು ನೆಲಕ್ಕೆ ಹಾಕಬಾರದು. ವಿಟ್ರಿಫೈಡ್ ಹಾಕುವವರಿಗೆ ಇನ್ನೊಂದು ಎಚ್ಚರಿಕೆ: ನೀರು ಕುಡಿಯದ ಟೈಲ್ ಸಿಮೆಂಟ್ ಹಾಲನ್ನೂ ಕುಡಿಯುವುದಿಲ್ಲ, ಹಾಗಾಗಿ ಬರೀ ಸಿಮೆಂಟಿಗೆ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆಂದೇ ಇರುವ ಅಂಟನ್ನು ಹಲ್ಲಿನ ಥಾಪಿಯಲ್ಲಿ ಎಳೆದು ಕೂರಿಸಬೇಕು. ಹಳೆಯ ರೂಢಿಯಂತೆ ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಒತ್ತಿದರೆ ನಡುವೆ ಪೊಳ್ಳು ಉಳಿದು, ಭಾರದ ಪಾತ್ರೆ ಬಿದ್ದ ದಿನ ಟೈಲ್ ಸೀಳುತ್ತದೆ.

ಇನ್ನು ಹಾಸುವ ಕೆಲಸ. ಹುನಗುಂದದ ಕಡೆಯದು ಎರೆ ಭೂಮಿ. ಜೋಳ, ಕಡಲೆಗೆ ಬಂಗಾರದಂಥ ಮಣ್ಣು, ಮನೆಯ ಅಡಿಗೆ ವೈರಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮೇಲಿನ ನೆಲವನ್ನೂ ಎತ್ತಿ ಇಳಿಸುತ್ತದೆ. ಎರೆಯನ್ನು ಅಗೆದು ತೆಗೆದು ಗರಸು ತುಂಬಿ, ಅರ್ಧರ್ಧ ಅಡಿಗೆ ನೀರುಣಿಸಿ ದಮ್ಮಸು ಬಡಿಯದೆ ಏನು ಹಾಸಿದರೂ ಉಳಿಯುವುದಿಲ್ಲ. ಅದರ ಮೇಲೆ ಕಾಂಕ್ರೀಟಿನ ಹಾಸು. ಆಮೇಲೆ ಮಟ್ಟ ಹಿಡಿಯುವುದು. ಅನುಭವಿ ಗೌಂಡಿ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಂದು ತುದಿಯನ್ನು ಬಾಗಿಲ ಚೌಕಟ್ಟಿಗೆ ಹಿಡಿದು ಇನ್ನೊಂದನ್ನು ಮೂಲೆ ಮೂಲೆಗೆ ಒಯ್ಯುತ್ತಾನೆ. ಪೈಪಿನಲ್ಲಿ ಗಾಳಿಯ ಗುಳ್ಳೆ ಉಳಿದಿದ್ದರೆ ಮಟ್ಟ ಸುಳ್ಳು ಹೇಳುತ್ತದೆ, ಅದಕ್ಕೆ ಮೊದಲು ಪೈಪನ್ನು ತಟ್ಟಿ ಗುಳ್ಳೆ ಬಿಡಿಸುತ್ತಾನೆ. ನೀರು ನಿಂತ ಕಡೆ ಗೋಡೆಗೆ ಗೀಟು. ನಾಲ್ಕು ಗೀಟಿನಿಂದ ದಾರ ಎಳೆದು, ಗುಣ್ಯಾ ಇಟ್ಟು ಮೂಲೆ ನೋಡಿ, ಮೊದಲ ಕಲ್ಲು ಇಡುತ್ತಾನೆ. ಅರೆ ಹಸಿಯ ಸಿಮೆಂಟ್ ಮರಳನ್ನು ಹರಡಿ ಕಲ್ಲನ್ನು ಸುಮ್ಮನೆ ಇಟ್ಟು ಮರದ ಕೊಡತಿಯಲ್ಲಿ ತಟ್ಟುತ್ತಾನೆ, ಎತ್ತಿ ಅಡಿಯಲ್ಲಿ ಬಿದ್ದ ಗುರುತು ನೋಡುತ್ತಾನೆ. ಗುರುತು ಕಾಣದ ಕಡೆ ಒಂದು ಚಿಟಿಕೆ ಮರಳು ಸೇರಿಸಿ, ಸಿಮೆಂಟ್ ಹಾಲು ಹೊಯ್ದು ಮತ್ತೆ ಕೂರಿಸುತ್ತಾನೆ. ಈ ಎತ್ತಿ ನೋಡುವ ಕೆಲಸವೇ ಒಳ್ಳೆಯ ಗೌಂಡಿಯ ಗುರುತು. ಚದರ ಅಡಿಯ ಲೆಕ್ಕದಲ್ಲಿ ಕೂಲಿ ಕೊಟ್ಟು ಅವಸರ ಮಾಡಿಸಿದರೆ ಮೊದಲು ಬಿಟ್ಟುಹೋಗುವುದೂ ಇದೇ. ಒಣಗಿದ ಮೇಲೆ ಕೋಲಿನಿಂದ ಪ್ರತಿ ಕಲ್ಲನ್ನೂ ತಟ್ಟಿ ಕೇಳಿ. ಗಟ್ಟಿ ದನಿ ಬಂದರೆ ಸರಿ, ಡೊಳ್ಳಿನ ದನಿ ಬಂದದ್ದನ್ನು ಆಗಲೇ ಎಬ್ಬಿಸಿ ಕೂರಿಸಬೇಕು.

ಬಚ್ಚಲಲ್ಲಿ ಹತ್ತು ಅಡಿಗೆ ಒಂದೂವರೆ ಇಂಚಿನಷ್ಟು ಇಳಿಜಾರು ಬೇಕು. ಫರಸಿ ಹಾಸುವ ಮೊದಲೇ ಕಾಂಕ್ರೀಟಿನಲ್ಲಿ ಅದು ಬಂದಿರಬೇಕು. ಮೇಲಿನ ಸಿಮೆಂಟಿನಲ್ಲಿ ಸರಿಮಾಡುತ್ತೇನೆ ಎನ್ನುವವರನ್ನು ನಂಬಬೇಡಿ. ಸಂದಿಯನ್ನು ಕಾಣದಂತೆ ಮಾಡಿಕೊಡಿ ಎಂದು ಕೇಳುವುದು ಈಗಿನ ಹವ್ಯಾಸ. ಇಳಕಲ್ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕುವ ಜಾಗದಲ್ಲಿ ನೇಕಾರರು ಎಷ್ಟು ನಿಗಾ ಇಡುತ್ತಾರೋ ನೆಲದ ಸಂದಿಗೂ ಅಷ್ಟೇ ನಿಗಾ ಬೇಕು. ಎರಡು ಮೂರು ಮಿಲಿಮೀಟರ್ ಬಿಟ್ಟು, ತುಂಬಿ, ಗೋಡೆಯ ಅಂಚಿನಲ್ಲಿ ಇನ್ನೂ ಸ್ವಲ್ಪ ಹೆಚ್ಚು ಬಿಟ್ಟರೆ ಬೇಸಿಗೆಯ ಕಾವಿಗೆ ನೆಲ ಹಿಗ್ಗಲು ಜಾಗವಿರುತ್ತದೆ. ಅದಿಲ್ಲದ ಕಡೆ ಏಪ್ರಿಲ್ ಮಧ್ಯಾಹ್ನ ಟೈಲ್ಸ್ ಪಟ್ಟನೆ ಮೇಲೆದ್ದು ಗುಡಾರದಂತೆ ನಿಲ್ಲುತ್ತವೆ.

ಜೋಪಾನ ಮಾಡುವುದು ಸುಲಭ. ಬಾಗಿಲಲ್ಲಿ ಒಂದು ಗಟ್ಟಿ ಕಾಲೊರೆಸು ಇರಲಿ. ಪಾಲಿಶ್ ತಿನ್ನುವುದು ಕಾಲಿಗಂಟಿ ಬರುವ ಮರಳು. ಶಹಾಬಾದಿ ಫರಸಿಗೆ ಆಸಿಡ್ ತೋರಿಸಲೇಬಾರದು. ಸುಣ್ಣದ ಕಲ್ಲು ಆಸಿಡ್ ಬಿದ್ದೊಡನೆ ನೊರೆಯೇಳುತ್ತದೆ, ಮೈ ಶಾಶ್ವತವಾಗಿ ಮಂಕಾಗುತ್ತದೆ. ಅನುಮಾನವಿದ್ದರೆ ಮೂಲೆಯ ತುಂಡಿನ ಮೇಲೆ ನಿಂಬೆರಸದ ಒಂದು ಹನಿ ಬಿಟ್ಟು ನೋಡಿ. ಕೊಳವೆಬಾವಿಯ ಗಡುಸು ನೀರಿನ ಬಿಳಿ ಕಲೆ ತೆಗೆಯಲೆಂದು ಟೈಲ್ಸ್ ಮೇಲೆ ಆಸಿಡ್ ಸುರಿದರೂ ಸಂದಿಯ ಸಿಮೆಂಟ್ ಕರಗುತ್ತದೆ. ಸ್ನಾನವಾದ ಮೇಲೆ ಒಣಬಟ್ಟೆಯಲ್ಲಿ ಒರೆಸುವುದೊಂದೇ ನಿಜವಾದ ಉಪಾಯ. ಎಣ್ಣೆ ಕಲೆಗೆ ಸೀಮೆಸುಣ್ಣದ ಪುಡಿಯನ್ನು ಸಾಬೂನು ನೀರಲ್ಲಿ ಕಲಸಿ ದಪ್ಪಗೆ ಮೆತ್ತಿ ಬೆಳಗಿನವರೆಗೆ ಬಿಡಬೇಕು.

ಹಳೆಯ ಮನೆ ಕೆಡವುವವರಿಗೆ ನನ್ನದೊಂದು ಬಿನ್ನಹವಿದೆ. ಆಲಮಟ್ಟಿಯ ಹಿನ್ನೀರು ಬಂದಾಗ ಬಾಗಲಕೋಟೆಯ ಹಳೆಯ ಓಣಿಗಳನ್ನು, ಮುಳುಗಡೆಯಾದ ಊರುಗಳನ್ನು ಬಿಟ್ಟು ಬಂದವರು ಬಾಗಿಲು, ತೊಲೆ, ಕಂಬ, ಕಲ್ಲು ಎಲ್ಲವನ್ನೂ ಕಿತ್ತು ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಹೇರಿಕೊಂಡು ಬಂದರು. ಸುಣ್ಣದ ಗಾರೆಯ ಮೇಲೆ ಕೂತ ಫರಸಿ ಹಾಗೆ ಎದ್ದು ಬರುತ್ತದೆ, ಅಂಟು ಹಚ್ಚಿದ ಟೈಲ್ ಚೂರಾಗದೆ ಬರುವುದಿಲ್ಲ. ಜೆಸಿಬಿ ಕರೆಸುವ ಮೊದಲು ಒಂದೆರಡು ದಿನ ಗೌಂಡಿಗೆ ಕೊಡಿ. ಗೋಡೆಯ ಅಂಚಿನ ಸಾಲಿನಿಂದ ಶುರುಮಾಡಿ, ಸಂದಿಯ ಗಾರೆ ಕೆರೆದು, ಹಾರೆಯನ್ನು ಅಡಿಗೆ ತೂರಿಸಿ ನಿಧಾನಕ್ಕೆ ಮೀಟಿದರೆ ಬಹುಪಾಲು ಇಡಿಯಾಗಿ ಸಿಗುತ್ತವೆ. ಬೆನ್ನಿನ ಗಾರೆಯನ್ನು ಕೆತ್ತಿ, ಸಾಲು ತಪ್ಪದಂತೆ ಸುಣ್ಣದಲ್ಲಿ ಅಂಕಿ ಬರೆದು ನಿಲ್ಲಿಸಿಡಿ. ಮೇಲ್ಮೈ ತೀರ ಸವೆದಿದ್ದರೆ ಕಲ್ಲನ್ನು ಮಗುಚಿ ಹಾಸಿ ತಿಕ್ಕಿಸಬಹುದು, ಬೆನ್ನೂ ಮುಖವೂ ಒಂದೇ ಕಲ್ಲು. ಮುಕ್ಕಾದ ಅಂಚು ಕೊಯ್ದಾಗ ಅಳತೆ ಒಂದೆರಡು ಇಂಚು ಕಮ್ಮಿ ಬೀಳುತ್ತದೆ, ಹೊಸ ಕೋಣೆಗೆ ಸಾಲುವುದಿಲ್ಲ. ಆ ಕೊರತೆಗೆ ಇಳಕಲ್ಲಿನ ಕಾರ್ಖಾನೆಗಳ ಹಿಂದೆ ಬಿದ್ದಿರುವ ಗ್ರಾನೈಟ್ ತುಂಡುಗಳನ್ನು ನಾಲ್ಕಿಂಚಿನ ಪಟ್ಟಿಯಾಗಿ ಕೊಯ್ಸಿ, ಬೂದು ಫರಸಿಯ ಸುತ್ತ ಕೆಂಪು ಅಂಚು ಕೊಡಬಹುದು. ಪಟ್ಟಿಯ ದಪ್ಪ ಫರಸಿಗಿಂತ ಕಡಿಮೆ ಇರುವುದರಿಂದ ಅದರ ಅಡಿಗೆ ಸಿಮೆಂಟ್ ಮರಳನ್ನು ಅಷ್ಟು ಎತ್ತರಿಸಿ ಕೂರಿಸಲು ಗೌಂಡಿಗೆ ಮೊದಲೇ ಹೇಳಿ.