ಹದಿನಾಲ್ಕನೇ ತಿರುವಿನ ಆಚೆ

ನಮ್ಮ ಇನ್ನಂಜೆ, ಶಂಕರಪುರದ ಕಡೆ ಎಣಿಕೆ ಕಲಿಸಲು ಶಾಲೆ ಬೇಡ, ಮಲ್ಲಿಗೆ ಗಿಡ ಸಾಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಆ ದಿನದ ದರ ಗೊತ್ತಾಗುವ ಮುಂಚೆ ಮನೆಯ ಅಟ್ಟೆಯ ಲೆಕ್ಕ ಮುಗಿದಿರಬೇಕು. ಮಳೆಗಾಲದಲ್ಲಿ ಹೂ ಕಡಿಮೆ, ಚಳಿಯಲ್ಲಿ ಇನ್ನೂ ಕಡಿಮೆ. ಯಾವ ತಿಂಗಳು ಎಷ್ಟು ಬಿತ್ತು ಎಂದು ಹತ್ತು ವರ್ಷದ ಹಿಂದಿನದನ್ನೂ ಹೇಳುವ ಅಮ್ಮಂದಿರು ಇಲ್ಲಿದ್ದಾರೆ.

ಅಂಥದೊಂದು ಮನೆಯ ಹುಡುಗಿ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ವಿದೇಶಕ್ಕೆ ಹೋಗಿ ಇಕಾಲಜಿ ಓದುತ್ತೇನೆಂದು ಹೊರಟಳು. ಅದೂ ಮಳೆಕಾಡಿನ ಇಕಾಲಜಿ. ಅಂಕಪಟ್ಟಿಗೆ ಹೆಸರಿಡುವ ಹಾಗಿರಲಿಲ್ಲ. ಆದರೆ ಅರ್ಜಿಯಲ್ಲಿ ಒಂದು ಜಾಗ ಮಾತ್ರ ಖಾಲಿ ಉಳಿಯಿತು: ಫೀಲ್ಡ್ ಅನುಭವ. ಕಾಡಿನಲ್ಲಿ ಎಷ್ಟು ತಿಂಗಳು ಇದ್ದೆ, ಏನು ಅಳೆದೆ, ಏನು ಬರೆದಿಟ್ಟೆ ಎಂಬ ಪ್ರಶ್ನೆಗೆ ಅವಳಲ್ಲಿ ಉತ್ತರವಿರಲಿಲ್ಲ. ಅವಳ ಅಮ್ಮ ನನ್ನನ್ನು ಕೇಳಿದರು, "ಅಣ್ಣಾ, ಈ ಕಾಡಿನ ಅನುಭವ ಅಂತ ಹೇಳುವುದು ಎಲ್ಲಿ ಸಿಗುತ್ತದೆ?" ಅವರ ಅಂಗಳದಲ್ಲೇ ನಿಂತು ನಾನು ಮೂಡು ದಿಕ್ಕಿಗೆ ಕೈ ತೋರಿಸಿದೆ.

ಉಡುಪಿ, ಮಣಿಪಾಲ, ಪರ್ಕಳ, ಹಿರಿಯಡ್ಕ, ಪೆರ್ಡೂರು, ಹೆಬ್ರಿ. ಕಾರ್ಕಳದವರಾದರೆ ವರಂಗ, ಮುದ್ರಾಡಿಯ ಮೇಲೆ ಬಂದು ಹೆಬ್ರಿಯಲ್ಲಿ ಕೂಡಿಕೊಳ್ಳಬಹುದು. ಸೋಮೇಶ್ವರ ದಾಟಿದ ಮೇಲೆ 14 ಹೇರ್‌ಪಿನ್ ತಿರುವು. ಇನ್ನಂಜೆಯಿಂದ ಎಲ್ಲ ಸೇರಿ 70 ಕಿ.ಮೀ. ಆಸುಪಾಸು. ಕೊನೆಯ ತಿರುವಿನ ಮೇಲೆ ಆಗುಂಬೆ. ನಮ್ಮವರಿಗೆ ಅದು ಸೂರ್ಯಾಸ್ತ ನೋಡಿ ಇಳಿದು ಬರುವ ಊರು, ಶಂಕರ್ ನಾಗ್ 'ಮಾಲ್ಗುಡಿ ಡೇಸ್' ತೆಗೆದ ಊರು. ಅಲ್ಲಿಯ ಕಾಡಿನೊಳಗೆ 2005ರಿಂದ ಒಂದು ಸಂಶೋಧನಾ ಕೇಂದ್ರವಿದೆ, ಅಲ್ಲಿಗೆ ಅಮೆರಿಕದಿಂದಲೂ ವಿಜ್ಞಾನಿಗಳು ಬಂದು ಕೆಲಸ ಮಾಡಿದ್ದಾರೆ ಎಂದರೆ ಘಾಟಿಯ ಕೆಳಗಿನ ಎಷ್ಟೋ ಮಂದಿಗೆ ಹೊಸ ಸುದ್ದಿ.

ಫೀಲ್ಡ್ ಸ್ಟೇಷನ್ ಎಂದರೆ ಏನು? ದೊಡ್ಡ ಯಂತ್ರಗಳ ಪ್ರಯೋಗಾಲಯ ಅಲ್ಲ. ಕಾಡಿನ ಅಂಚಿನಲ್ಲಿ ಮಲಗಲು ಸೂರು, ಉಣ್ಣಲು ಅಡುಗೆಮನೆ, ಬರೆಯಲು ಮೇಜು. ಇಷ್ಟರ ಜತೆಗೆ ಅಲ್ಲಿಂದ ಕದಲದೆ ವರ್ಷಗಟ್ಟಲೆ ಕೂರುವ ಜನ. ಪನಾಮಾದ ಬಾರೋ ಕೊಲರಾಡೋ ದ್ವೀಪ ಇದಕ್ಕೆ ಹಿರಿಯಣ್ಣ. ಕಾಲುವೆ ತೋಡುವಾಗ ಚಾಗ್ರೆಸ್ ನದಿಗೆ ಕಟ್ಟೆ ಕಟ್ಟಿದರು, ನೀರು ಏರಿತು, ಬೆಟ್ಟವೊಂದು ದ್ವೀಪವಾಗಿ ಉಳಿಯಿತು. 1923ರಲ್ಲಿ ಅದನ್ನು ಅಧ್ಯಯನಕ್ಕೆಂದು ಮೀಸಲಿಟ್ಟರು. ಅಲ್ಲಿ 50 ಹೆಕ್ಟೇರು ಗುರುತು ಹಾಕಿ, ಒಂದು ಸೆಂಟಿಮೀಟರಿಗಿಂತ ದಪ್ಪದ ಪ್ರತಿಯೊಂದು ಗಿಡವನ್ನೂ ಅಳೆದು, ಕೆಲವು ವರ್ಷಕ್ಕೊಮ್ಮೆ ಮತ್ತೆ ಅಳೆಯುತ್ತಾರೆ. ಅದೇ ಕ್ರಮದ 50 ಹೆಕ್ಟೇರಿನ ತಾಕೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ತಂಡ 1988ರಲ್ಲಿ ಮುದುಮಲೈಯಲ್ಲಿ ಹಾಕಿತು. ಕೋಸ್ಟರಿಕಾದ ಲಾ ಸೆಲ್ವಾ ಇಂಥದೇ ಇನ್ನೊಂದು ಕೇಂದ್ರ. ಬೆಂಗಳೂರಿನಲ್ಲಿ ಏಟ್ರೀ ಸಂಸ್ಥೆ ಕಟ್ಟಿದ ಕಮಲ್‌ಜಿತ್ ಬಾವಾ ಉಷ್ಣವಲಯದ ಮರಗಳ ಬಗ್ಗೆ ಬಹಳ ಕಾಲ ಕೆಲಸ ಮಾಡಿದ್ದು ಅಲ್ಲಿ. ಅಟ್ಟೆ ಚೆಂಡಿನ ಲೆಕ್ಕದವರಿಗೆ ಇದೆಲ್ಲ ಹೊಸದೇನಲ್ಲ. ಅಲ್ಲಿ ಮರ, ಇಲ್ಲಿ ಹೂ.

ಆಗುಂಬೆಯ ಕಥೆ ಮಳೆಯಿಂದಲೇ ಶುರುವಾಗಬೇಕು. ಅರಬ್ಬೀ ಸಮುದ್ರದಿಂದ ಬರುವ ನೈಋತ್ಯ ಗಾಳಿ ಇನ್ನಂಜೆಯ ಗದ್ದೆ ದಾಟಿಯೇ ಹೋಗುತ್ತದೆ, ದಾರಿಯಲ್ಲಿ ನಮಗೂ ಒಂದಷ್ಟು ಸುರಿಯುತ್ತದೆ. ಸೋಮೇಶ್ವರದ ಗೋಡೆಗೆ ಬಂದು ತಾಗಿದ ಮೇಲೆ ಅದಕ್ಕೆ ಮೇಲೇರದೆ ಬೇರೆ ದಾರಿಯಿಲ್ಲ. ಏರುತ್ತಾ ತಣ್ಣಗಾಗುತ್ತದೆ, ಹೊತ್ತ ನೀರನ್ನೆಲ್ಲ ಅಲ್ಲೇ ಇಳಿಸುತ್ತದೆ. ಸುಮಾರು 640 ಮೀಟರ್ ಎತ್ತರದ ಆಗುಂಬೆಯಲ್ಲಿ ವರ್ಷದ ಸರಾಸರಿ 7,000 ಮಿ.ಮೀ. ಮೀರುತ್ತದೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ಸುರಿದ ದಾಖಲೆಯಿದೆ, ಹರಿದುಹೋಗದೆ ನಿಂತಿದ್ದರೆ ಎರಡಾಳು ಮುಳುಗುವ ನೀರು. ಕೆಲವು ವರ್ಷ ಮಳೆಯಲ್ಲಿ ಹುಲಿಕಲ್ ಆಗುಂಬೆಯನ್ನು ಮೀರಿಸುತ್ತದೆ, ಆದರೂ 'ದಕ್ಷಿಣದ ಚಿರಾಪುಂಜಿ' ಎಂಬ ಬಿರುದನ್ನು ಆಗುಂಬೆ ಬಿಟ್ಟುಕೊಟ್ಟಿಲ್ಲ. ಈ ಮಳೆಯಿಂದಲೇ ಧೂಪ, ಬಲಗಿ, ರಾಮಪತ್ರೆ, ಉಪ್ಪಾಗೆಯ ಕಾಡು. ಆ ಕಾಡಿನಲ್ಲಿ ಕಪ್ಪೆ, ಕಪ್ಪೆ ತಿನ್ನುವ ಹಾವು, ಹಾವು ತಿನ್ನುವ ಕಾಳಿಂಗ.

ಕೇಂದ್ರ ಹುಟ್ಟಿದ್ದೇ ಕಾಳಿಂಗನಿಗಾಗಿ. ಸ್ಥಾಪಿಸಿದವರು ರೋಮ್ಯುಲಸ್ ವಿಟೇಕರ್. 1943ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಭಾರತಕ್ಕೆ ಬಂದವರು. ಮದರಾಸಿನ ಹಾವಿನ ಉದ್ಯಾನ, ಮೊಸಳೆ ಬ್ಯಾಂಕುಗಳನ್ನು ಕಟ್ಟಿದವರು. ನಮ್ಮ ಕರಾವಳಿಗೂ ಅವರಿಗೂ ಒಂದು ನಂಟಿದೆ: ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಮಗ ರಾಮ ಅವರು ವಿಟೇಕರರ ಮಲತಂದೆ. ವಿಟೇಕರ್ ಕಾಡಿನಲ್ಲಿ ಮೊದಲ ಕಾಳಿಂಗನನ್ನು ಕಂಡದ್ದು 1971ರಲ್ಲಿ, ಇದೇ ಆಗುಂಬೆಯಲ್ಲಿ. 34 ವರ್ಷದ ಮೇಲೆ, 2005ರಲ್ಲಿ, ಇಂಗ್ಲೆಂಡಿನ ವಿಟ್ಲಿ ಪ್ರಶಸ್ತಿ ಬಂತು. ಆ ಹಣ ಹಾಕಿ ಅದೇ ಊರಿನಲ್ಲಿ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರ ತೆರೆದರು. ಪ್ರಶಸ್ತಿಯ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಗತಿ ಕಾಣಿಸಿದವರನ್ನು ನಾನಂತೂ ಹೆಚ್ಚು ಕಂಡಿಲ್ಲ.

ಕಾಳಿಂಗ ಸರ್ಪ ವಿಷದ ಹಾವುಗಳಲ್ಲೆಲ್ಲ ಉದ್ದದ್ದು. 5 ಮೀಟರ್ ದಾಟಿದ್ದೂ ಇದೆ. ತಿನ್ನುವುದು ಬಹುಪಾಲು ಬೇರೆ ಹಾವುಗಳನ್ನು: ಕೇರೆ, ನಾಗರ, ಮಂಡಲ, ಕೆಲವೊಮ್ಮೆ ತನ್ನದೇ ಜಾತಿಯನ್ನು. ಗೂಡು ಕಟ್ಟುವ ಹಾವು ಎಂದರೆ ಇದೇ. ಮಳೆಗಾಲಕ್ಕೆ ಮುಂಚೆ ಹೆಣ್ಣು ತರಗೆಲೆಯನ್ನು ಮೈಯ ಸುರುಳಿಯಿಂದಲೇ ಗುಡ್ಡೆ ಹಾಕಿ, ಒಳಗೆ ಮೊಟ್ಟೆಯಿಟ್ಟು, ಕೆಲವು ವಾರ ಕಾವಲು ಕೂರುತ್ತದೆ. ನಮ್ಮ ಹಳೆಯ ಮುಳಿಹುಲ್ಲಿನ ಮನೆಗಳ ಮಾಡಿನ ಹಾಗೆ, ಪದರ ಪದರ ಎಲೆಯ ಮೇಲೆ ನೀರು ಜಾರಿಹೋಗಿ ಒಳಗೆ ಬೆಚ್ಚಗೆ ಉಳಿಯುತ್ತದೆ. ಹೊರಗೆ ಆಗುಂಬೆಯ ಜುಲೈ ಮಳೆ, ಒಳಗೆ ಒಣ ಮೊಟ್ಟೆ. ಮರಿ ಒಡೆಯುವ ಮುಂಚೆಯೇ ತಾಯಿ ಹೊರಟುಹೋಗುತ್ತದೆ.

ಇಷ್ಟೆಲ್ಲ ತಿಳಿಯಬೇಕಾದರೆ ಹಾವಿನ ಹಿಂದೆ ನಡೆಯಬೇಕು. ಹುಲಿಗಾದರೆ ಕೊರಳಿಗೆ ಪಟ್ಟಿ ಕಟ್ಟಬಹುದು, ಹಾವಿಗೆ ಪಟ್ಟಿ ನಿಲ್ಲಲು ಕೊರಳೆಲ್ಲಿದೆ? 2008ರಲ್ಲಿ ಕೇಂದ್ರದವರು ಅರಣ್ಯ ಇಲಾಖೆಯ ಅನುಮತಿ ಪಡೆದು, ಪಶುವೈದ್ಯರಿಂದ ಶಸ್ತ್ರಚಿಕಿತ್ಸೆ ಮಾಡಿಸಿ, ಹಾವಿನ ಮೈಯೊಳಗೇ ಸಣ್ಣ ರೇಡಿಯೋ ಟ್ರಾನ್ಸ್‌ಮಿಟರ್ ಇಡಿಸಿದರು. ಅರಿಝೋನಾ ವಿಶ್ವವಿದ್ಯಾಲಯದ ಮ್ಯಾಟ್ ಗೂಡ್ ಈ ಕೆಲಸಕ್ಕೆ ಜತೆಯಾದರು. ಆಮೇಲೆ ಶುರುವಾದದ್ದು ಬರೀ ನಡಿಗೆ. ಕೈಯಲ್ಲಿ ಹಳೆಯ ಕಾಲದ ಟಿ.ವಿ. ಆಂಟೆನಾದಂಥದ್ದು, ಕಿವಿಯಲ್ಲಿ ಬೀಪ್ ಸದ್ದು. ಬೆಳಿಗ್ಗೆ ಹಾವು ಏಳುವ ಮುಂಚೆ ಅದು ಮಲಗಿದ್ದಲ್ಲಿಗೆ ಹೋಗಬೇಕು. ಅದು ಹೊರಟರೆ ದೂರದಿಂದಲೇ ಹಿಂದೆ, ನಿಂತರೆ ತಾವೂ ನಿಲ್ಲಬೇಕು. ಹೊತ್ತು, ಜಾಗ, ಬಿಸಿಲು, ಏನು ತಿಂದಿತು, ಎಲ್ಲಿ ಹೊಕ್ಕಿತು ಎಲ್ಲ ಪುಸ್ತಕಕ್ಕೆ. ಮೂರು ದಿನ ಹಾವು ಬಿಲದಿಂದ ಹೊರಗೆ ಬಾರದಿದ್ದರೆ ಮೂರು ದಿನವೂ ಬಿಲದ ಮುಂದೆ ಕೂತು 'ಹೊರಗೆ ಬರಲಿಲ್ಲ' ಎಂದು ಬರೆಯುವುದೇ ವಿಜ್ಞಾನ. ಟಿ.ವಿ.ಯಲ್ಲಿ ಈ ಮೂರು ದಿನ ತೋರಿಸುವುದಿಲ್ಲ, ಅಲ್ಲೇ ನಮ್ಮ ಹುಡುಗರು ಮೋಸಹೋಗುವುದು.

ಹೀಗೆ ನಡೆದವರು ಕಂಡದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಒಂದಿದೆ. ಹೆಬ್ರಿ, ಕಾರ್ಕಳದ ಕಡೆ ಕೇರೆಯನ್ನು ಅಟ್ಟಿಸಿಕೊಂಡು ಬಂದ ಕಾಳಿಂಗ ಹಟ್ಟಿಗೋ ಬಚ್ಚಲಿಗೋ ನುಗ್ಗುವುದುಂಟು. ಫೋನು ಹೋಗುತ್ತದೆ, ಹಾವು ಹಿಡಿಯುವವರು ಬರುತ್ತಾರೆ, ಮರುದಿನ ಪತ್ರಿಕೆಯಲ್ಲಿ ಚಿತ್ರ: ಹಿಡಿದು ದೂರದ ದಟ್ಟ ಕಾಡಿಗೆ ಬಿಡಲಾಯಿತು. ಓದಿದ ನಮಗೆ ನೆಮ್ಮದಿ. ಹಾವಿಗೆ? 2013ರಲ್ಲಿ ಪ್ರಕಟವಾದ ಆಗುಂಬೆಯ ಆರಂಭಿಕ ಅಧ್ಯಯನ, ಬೆರಳೆಣಿಕೆಯ ಹಾವುಗಳದ್ದಾದರೂ, ಬೇರೆಯೇ ಕಥೆ ಹೇಳಿತು. ತನ್ನ ಜಾಗದಲ್ಲೇ ಇದ್ದ ಹಾವು ಗೊತ್ತಾದ ಸರಹದ್ದಿನೊಳಗೆ ಓಡಾಡಿಕೊಂಡಿತ್ತು. ದೂರ ಒಯ್ದು ಬಿಟ್ಟದ್ದು ನೆಲೆ ಸಿಗದೆ ಅಲೆಯುತ್ತಲೇ ಹೋಯಿತು. ಯಾವ ಬಿಲ ಎಲ್ಲಿದೆ, ನೀರೆಲ್ಲಿ, ಬೇಟೆಯೆಲ್ಲಿ ಎಂದು ಅದಕ್ಕೆ ಗೊತ್ತಿರುವುದು ತನ್ನ ಊರಿನಲ್ಲಿ ಮಾತ್ರ. ಹಾಗಾಗಿಯೇ ಆಗುಂಬೆಯ ಸುತ್ತ ಈಗ ಕೆಲಸ ಮಾಡುವವರು ಮೊದಲು ಮನೆಯವರಿಗೆ ತಿಳಿಹೇಳುತ್ತಾರೆ: ದೂರ ನಿಲ್ಲಿ, ಅದರ ಪಾಡಿಗೆ ಅದು ಹೋಗುತ್ತದೆ. ಹಿಡಿಯಲೇಬೇಕಾದರೆ ಬಿಡುವುದು ಹತ್ತಿರದಲ್ಲೇ. ನಾಗಬನದಲ್ಲಿ ತನು ಎರೆಯುವ ನಮ್ಮವರಿಗೆ ಈ ಮಾತು ಬೇಗ ಅರ್ಥವಾಗಬೇಕಿತ್ತು. ಆದರೆ ಬನದ ಮರ ಕಡಿದು ಟೈಲ್ಸ್ ಹಾಕುವುದರಲ್ಲಿ ನಾವು ಮುಂದಿದ್ದೇವಲ್ಲ.

ಈ ಕೇಂದ್ರದಲ್ಲಿ ಕೆಲಸ ಮಾಡಿದ ಪಿ. ಗೌರಿ ಶಂಕರ್ ಮುಂದೆ ಆಗುಂಬೆಯಲ್ಲೇ 'ಕಾಳಿಂಗ ಸೆಂಟರ್ ಫಾರ್ ರೈನ್‌ಫಾರೆಸ್ಟ್ ಇಕಾಲಜಿ' ಕಟ್ಟಿದರು. 1836ರಿಂದ ಏಷ್ಯಾದ ಕಾಳಿಂಗಗಳೆಲ್ಲ ಒಂದೇ ಪ್ರಭೇದ ಎಂದೇ ಲೆಕ್ಕವಿತ್ತು. ಅವರೂ ಜತೆಗಾರರೂ 2021ರಲ್ಲಿ ಡಿಎನ್ಎ ಆಧಾರದಲ್ಲಿ ಇದನ್ನು ಪ್ರಶ್ನಿಸಿದರು. 2024ರಲ್ಲಿ ನಾಲ್ಕು ಪ್ರಭೇದಗಳೆಂದು ವಿಂಗಡಿಸಿದ ಪ್ರಬಂಧ ಬಂತು. ಉತ್ತರದ ಕಾಳಿಂಗನ ಮೈಯಲ್ಲಿ ಕಪ್ಪಂಚಿನ 50ರಿಂದ 70 ಪಟ್ಟೆ. ಪಶ್ಚಿಮ ಘಟ್ಟದ್ದಕ್ಕೆ 40ಕ್ಕಿಂತ ಕಡಿಮೆ. ನಮ್ಮದಕ್ಕೆ ಸಿಕ್ಕ ಹೆಸರು ಒಫಿಯೋಫಾಗಸ್ ಕಾಳಿಂಗ. ಲ್ಯಾಟಿನ್ ಹೆಸರಿನ ಬಾಲದಲ್ಲಿ ಕನ್ನಡ. ನಮ್ಮ ಅಜ್ಜಂದಿರು ಕರೆಯುತ್ತಿದ್ದ ಹೆಸರನ್ನೇ ಇನ್ನು ಪ್ರಪಂಚದ ವಿದ್ಯಾರ್ಥಿಗಳೆಲ್ಲ ಬರೆಯಬೇಕು.

ಹಾವೊಂದೇ ಅಲ್ಲಿಯ ಪಾಠವಲ್ಲ. ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಗೂಡು ಕಟ್ಟುವ ಹಾರುಕಪ್ಪೆ ಇದೆ. ಗೊದಮೊಟ್ಟೆಗಳು ಗೂಡಿನಿಂದ ನೇರ ನೀರಿಗೆ ಬೀಳುತ್ತವೆ. ಅಡಕೆ ಮರದಿಂದ ಮರಕ್ಕೆ ತೇಲುವ ಹಾರುವ ಓತಿ ಇದೆ. ಓತಿ ಎಂದ ಮೇಲೆ ತೇಜಸ್ವಿಯವರ 'ಕರ್ವಾಲೊ' ನೆನಪಾಗದೆ ಇರುತ್ತದೆಯೇ? ಆ ಕಾದಂಬರಿಯಲ್ಲಿ ವಿಜ್ಞಾನಿಗೆ ದಾರಿ ತೋರಿಸುವವನು ಜೇನು ಹಿಡಿಯುವ ಮಂದಣ್ಣ. ಯಾವ ಫೀಲ್ಡ್ ಸ್ಟೇಷನ್ನಿಗೆ ಹೋದರೂ ಒಬ್ಬ ಮಂದಣ್ಣ ಇದ್ದೇ ಇರುತ್ತಾನೆ. ಉಪ್ಪಾಗೆ ಹೆಕ್ಕಲು ಕಾಡಿಗೆ ಹೋಗುವವರು, ಯಾವ ಮರ ಯಾವಾಗ ಹೂ ಬಿಡುತ್ತದೆಂದು ಬಲ್ಲವರು. ಪ್ರಬಂಧದ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಅವರ ಹೆಸರು ಬಂದರೆ ಬಂತು. ಇದು ಪನಾಮಾದಲ್ಲೂ ಹೀಗೇ, ಆಗುಂಬೆಯಲ್ಲೂ ಹೀಗೇ, ಸರಿಯೆಂದು ನನಗನ್ನಿಸುವುದಿಲ್ಲ.

ಘಾಟಿ ಹತ್ತದೆಯೂ ಕಾಣುವುದುಂಟು ಅನ್ನಿ. 2016ರಲ್ಲಿ ಕೆ.ಎಸ್. ಶೇಷಾದ್ರಿ, ಕೆ.ವಿ. ಗುರುರಾಜ ಮೊದಲಾದವರು ಮಣಿಪಾಲದ ಮುರಕಲ್ಲಿನ ಬಯಲಿನಿಂದ ಹೊಸ ಕಪ್ಪೆಯೊಂದನ್ನು ವಿವರಿಸಿದರು. ಉದ್ದ ಎರಡು ಸೆಂಟಿಮೀಟರೂ ಇಲ್ಲ, ಕೂಗು ಜೀರುಂಡೆಯಂತೆ. ಹೆಸರೇ ಮೈಕ್ರೋಹೈಲಾ ಲ್ಯಾಟರೈಟ್. ಸೈಟು, ಕೋರೆ ಎಂದು ನಾವು ಬೆಲೆ ಕಟ್ಟುತ್ತಿದ್ದ ಪಾರೆಯ ಮೇಲೆ ಅದು ಅಷ್ಟು ವರ್ಷ ಕೂಗುತ್ತಲೇ ಇತ್ತು. ಆ ಹೊತ್ತಿಗೆ ಶೇಷಾದ್ರಿ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ. ಓದಿದ್ದು ಅಲ್ಲಿ, ಕಪ್ಪೆ ಇಲ್ಲಿಯದು. ಅದಕ್ಕೂ ಹಿಂದೆ ಪುತ್ತೂರಿನಲ್ಲಿ ಹುಟ್ಟಿ, ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿದ ಉಲ್ಲಾಸ ಕಾರಂತರು 1980ರ ದಶಕದ ಆರಂಭದಲ್ಲಿ ಘಟ್ಟದ ಸಿಂಗಳೀಕಗಳ ಸಮೀಕ್ಷೆ ಮಾಡಿದರು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಗಲು ಆ ಕೆಲಸ ನೆರವಾಯಿತು. ಅವರು ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮುಗಿಸಿದ್ದು 1988ರಲ್ಲಿ. ಮೊದಲು ಕಾಡು, ಆಮೇಲೆ ವಿಮಾನ.

ನಮ್ಮ ನೆರೆಮನೆಯ ಆ ಹುಡುಗಿ ಜೂನ್ ತಿಂಗಳಲ್ಲೇ ಆಗುಂಬೆಗೆ ಹೊರಟಳು. ಆ ತಿಂಗಳು ಬೇಡ ಎಂದು ಎಲ್ಲರೂ ಹೇಳಿದರು. ಮಳೆಕಾಡನ್ನು ಮಳೆ ಬಿಟ್ಟು ನೋಡುವುದು ಹೇಗೆ ಎಂದು ಅವಳ ವಾದ. ಅಮ್ಮ ಚೀಲ ತುಂಬುತ್ತಾ ಕೂತಿದ್ದರು. ಉಂಬಳಕ್ಕೆ ಹೊಗೆಸೊಪ್ಪು, ಸುಣ್ಣ. ಉಪ್ಪಿನಕಾಯಿಯ ಭರಣಿ. ಎರಡು ದಿನಕ್ಕೂ ಒಣಗದ ಬಟ್ಟೆಗೆ ಬದಲಿ ಬಟ್ಟೆ. ನೆಟ್‌ವರ್ಕ್ ಸಿಗದಿದ್ದರೆ ಬರೆದಿಟ್ಟುಕೋ, ಸಿಕ್ಕಾಗ ಓದಿಹೇಳು ಎಂದು ಹೊಸ ನೋಟ್‌ಪುಸ್ತಕ ಮತ್ತು ಐದು ಪೆನ್ನಿನ ಕಟ್ಟು. ಹುಡುಗಿ ಪೆನ್ನಿನ ಕಟ್ಟನ್ನು ತೆಗೆದು ಹೊರಗಿಟ್ಟಳು.

"ದಾಯೆಗ್?" ಅಂದರು ಅಮ್ಮ.

"ಶಾಯಿ ಮಳೆಗೆ ಕರಗುತ್ತದೆ ಅಮ್ಮ, ಪೆನ್ಸಿಲ್ ಕೊಡು."

ಹೂವಿನ ಲೆಕ್ಕ ಬರೆಯಲು ಗೋಡೆಗೆ ನೇತುಹಾಕಿದ್ದ ಮೋಟು ಪೆನ್ಸಿಲನ್ನು ಅವರು ದಾರ ಬಿಚ್ಚಿ ಕೊಟ್ಟರು.